ಖರ್ಜೂರ ಮತ್ತು ರಕ್ತಪುಷ್ಟಿ

ರಕ್ತಹೀನತೆಯುಳ್ಳ ಗರ್ಭಿಣಿಗೆ ಖರ್ಜೂರ ಕೊಟ್ಟರೆ ಸಾಕೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಬೇರೂರಿದೆ. ತುಸು ಲೆಕ್ಕ ಹಾಕಿ ನೋಡೋಣ. 100 ಗ್ರಾಂ ಖರ್ಜೂರದಲ್ಲಿರುವ ಕಬ್ಬಿಣಾಂಶ ಸುಮಾರು 1 ಮಿಲಿಗ್ರಾಂ. ಗರ್ಭಿಣಿಗೆ ದಿನವೊಂದಕ್ಕೆ ಬೇಕಾದುದು 20 ಮಿಲಿಗ್ರಾಂಗೂ ಅಧಿಕ. ಖರ್ಜೂರವೊಂದರಿಂದಲೇ ಅದನ್ನು ಪಡೆಯಹೊರಟರೆ ದಿನಕ್ಕೆ ಎರಡು ಕಿಲೋಗ್ರಾಂ ತಿನ್ನಬೇಕಾದೀತು!

ಹಾಗೆಂದು ಈ ಹಣ್ಣು ನಿಷ್ಪ್ರಯೋಜಕವಲ್ಲ. ಅದರ ಮೂರರಲ್ಲಿ ಎರಡು ಪಾಲು ಸಕ್ಕರೆ. ಬಳಲಿದ ದೇಹಕ್ಕೆ ಬೇಗನೆ ಚೈತನ್ಯ ನೀಡುತ್ತದೆ. 100 ಗ್ರಾಂನಲ್ಲಿ 7 ಗ್ರಾಂನಷ್ಟಿರುವ ನಾರು ಮಲಬದ್ಧತೆಯ ಶಮನಕ್ಕೆ ನೆರವಾಗುತ್ತದೆ. ಕಬ್ಬಿಣದ ಮಾತ್ರೆ ಸೇವಿಸುವ ಅನೇಕರನ್ನು ಕಾಡುವುದು ಈ ಮಲಬದ್ಧತೆಯೇ. ಅದಕ್ಕಂಜಿ ಮಾತ್ರೆಯನ್ನೇ ತ್ಯಜಿಸುವವರುಂಟು. ಆದ್ದರಿಂದ ಸೊಪ್ಪು, ಕಾಳುಗಳ ಊಟದ ಜೊತೆಗೆ ಎರಡು ಮೂರು ಖರ್ಜೂರವೂ ಇರಲಿ. ಮಧುಮೇಹವಿದ್ದವರು ಮಾತ್ರ ವೈದ್ಯರನ್ನು ಕೇಳಿ ತಿನ್ನಲಿ. ಖರ್ಜೂರವು ಮಾತ್ರೆಗೆ ಸಂಗಾತಿಯೇ ಹೊರತು ಬದಲಿಯಲ್ಲ.