ಮರ ಹತ್ತುವವರಿಗೆ ಆಸರೆ ಯಾವುದು?

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ನಿಮಗೆ ಗೊತ್ತು. ಮರದಿಂದ ಬಿದ್ದ ಮೇಲೆ ದುಡ್ಡು ಹುಡುಕುವುದೂ ಹಾಗೆಯೇ. ಆಗ ಸಾಲ ಸಿಗುತ್ತದೆ. ಆದರೆ ಆಸರೆ ಸಿಗುವುದಿಲ್ಲ.

ನಮ್ಮ ಕೃಷ್ಣಗಿರಿ ಜಿಲ್ಲೆ ಮಾವಿಗೆ ಹೆಸರುವಾಸಿ. ಹೊಸೂರು, ತಳಿ, ಡೆಂಕಣಿಕೋಟೆ, ಕೆಲಮಂಗಲ, ರಾಯಕೋಟೆ ಕಡೆ ತೆಂಗು, ಹುಣಸೆ ಮರಗಳೂ ಇವೆ. ಮರ ಇದ್ದ ಕಡೆ ಮರದ ಕೆಲಸವೂ ಇರುತ್ತದೆ. ಮಾವಿನ ಕೊಂಬೆ ಸವರಬೇಕು. ತೆಂಗಿನ ಒಣಗಿದ ಗರಿ ತೆಗೆಯಬೇಕು. ಹೊಸೂರು ಪಟ್ಟಣ ಬೆಳೆದಂತೆ ಇನ್ನೊಂದು ಕೆಲಸವೂ ಸೇರಿದೆ. ಮನೆ ಮೇಲೆ ಬಾಗಿದ ಕೊಂಬೆ, ಕಾರ್ಖಾನೆ ಆವರಣದ ಮರ, ಬಡಾವಣೆಯ ಸಾಲುಮರ ಇವನ್ನೆಲ್ಲ ಕಡಿದು ಸರಿಮಾಡಬೇಕು.

ಇಂಥ ಕೆಲಸ ಹಿಡಿಯುವ ತಂಡಗಳು ಸಾಮಾನ್ಯವಾಗಿ ಚಿಕ್ಕವು. ಒಬ್ಬ ಮೇಸ್ತ್ರಿ. ಮರ ಹತ್ತುವವರು ಮೂರು ನಾಲ್ಕು ಜನ. ಕೆಳಗೆ ಹಗ್ಗ ಹಿಡಿಯುವವರು, ಕೊಂಬೆ ಎಳೆದು ಒಟ್ಟುವ ಹೆಂಗಸರು. ಮಚ್ಚು, ಗರಗಸ, ಹಗ್ಗ, ಏಣಿ ಇದ್ದರೆ ಕೆಲಸ ಶುರು. "ನಾವು ಚಿಕ್ಕವರು. ಇನ್ಶೂರೆನ್ಸು, ಇ.ಎಸ್.ಐ. ಎಲ್ಲ ಫ್ಯಾಕ್ಟರಿಯವರಿಗೆ" ಎಂದು ಬಹಳ ಜನ ಹೇಳ್ತಾರೆ. ಈ ಮಾತು ನಿಜವಲ್ಲ. ಹೇಗೆ ಎಂದು ನೋಡೋಣ.

ಬಿದ್ದರೆ ಮೂರು ನಷ್ಟ

ಒಬ್ಬ ಕೆಲಸಗಾರ ಮರದಿಂದ ಬಿದ್ದ ಎಂದುಕೊಳ್ಳಿ. ಅವನ ಮನೆಗೆ ಮೂರು ರೀತಿಯ ನಷ್ಟ ಆಗುತ್ತದೆ.

1. ಆಸ್ಪತ್ರೆ ಖರ್ಚು.
2. ಕೆಲಸಕ್ಕೆ ಹೋಗಲಾಗದ ದಿನಗಳ ಕೂಲಿ.
3. ಕೈಕಾಲು ಹೋದರೆ, ಇಲ್ಲವೇ ಪ್ರಾಣವೇ ಹೋದರೆ, ಮುಂದೆ ಸಂಸಾರದ ಗತಿ.

ಈ ಮೂರನ್ನು ಬೇರೆ ಬೇರೆಯಾಗಿ ನೆನಪಿಡಿ. ಯಾಕೆಂದರೆ ಹೆಚ್ಚಿನ ಕಾರ್ಡುಗಳು ಮೂರಕ್ಕೂ ಆಗುವುದಿಲ್ಲ. ಒಂದು ಕಾರ್ಡು ಆಸ್ಪತ್ರೆ ಖರ್ಚು ಕೊಡುತ್ತದೆ, ಕೂಲಿ ಕೊಡುವುದಿಲ್ಲ. ಇನ್ನೊಂದು ಸತ್ತರೆ ಹಣ ಕೊಡುತ್ತದೆ, ಬದುಕಿದ್ದರೆ ಔಷಧಿಗೂ ಕೊಡುವುದಿಲ್ಲ. ಯಾರಾದರೂ ಕಾರ್ಡು ತೋರಿಸಿದರೆ, "ಇದು ಮೂರರಲ್ಲಿ ಯಾವುದಕ್ಕೆ?" ಎಂದು ಕೇಳಿ.

ಕಾನೂನು ಏನು ಹೇಳುತ್ತದೆ?

ಕೆಲಸ ಮಾಡುವಾಗ, ಆ ಕೆಲಸದ ಕಾರಣಕ್ಕೆ ಪೆಟ್ಟಾದರೆ ಪರಿಹಾರ ಕೊಡುವುದು ಮಾಲೀಕನ ಹೊಣೆ. ಇದು ಹೊಸ ಮಾತಲ್ಲ. 1923ರ ಪರಿಹಾರ ಕಾಯ್ದೆಯಲ್ಲೇ ಇತ್ತು. ಮರ ಕಡಿಯುವ ಕೆಲಸದ ಹೆಸರು ಆ ಕಾಯ್ದೆಯ ಪಟ್ಟಿಯಲ್ಲೇ ಇತ್ತು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಎಂಬ ಹೊಸ ಕಾನೂನು ಜಾರಿಗೆ ಬಂದಿದೆ. ಹಳೆಯ ಕಾಯ್ದೆ ಅದರಲ್ಲಿ ಸೇರಿಹೋಗಿದೆ. ಹೊಣೆ ಮಾತ್ರ ಹಾಗೇ ಇದೆ.

ಈ ಹೊಣೆ ಎಷ್ಟು ದೊಡ್ಡದು? ಲೆಕ್ಕ ಹಾಕಿ ನೋಡೋಣ. ಕೆಲಸಗಾರನ ವಯಸ್ಸು 35. ತಿಂಗಳ ಕೂಲಿ 12,000 ರೂಪಾಯಿ. ಮರದಿಂದ ಬಿದ್ದು ಸತ್ತರೆ ಕೂಲಿಯ ಅರ್ಧವನ್ನು ವಯಸ್ಸಿನ ಅಂಕಿಯಿಂದ ಗುಣಿಸಬೇಕು. 35 ವಯಸ್ಸಿಗೆ ಆ ಅಂಕಿ 197.06.

6,000 × 197.06 = 11,82,360 ರೂಪಾಯಿ.

ಹನ್ನೊಂದು ಲಕ್ಷಕ್ಕೂ ಹೆಚ್ಚು! ಬರೀ ಪೆಟ್ಟಾದರೂ ಚಿಕಿತ್ಸೆಯ ನಿಜವಾದ ಖರ್ಚನ್ನು ಮಾಲೀಕನೇ ಕೊಡಬೇಕು. ಚಿಕ್ಕ ಮೇಸ್ತ್ರಿ ಇಷ್ಟು ಹಣ ಎಲ್ಲಿಂದ ತಂದಾನು? ಗರಗಸ ಮಾರಿ, ಗಾಡಿ ಮಾರಿ, ಹೊಲ ಮಾರಬೇಕು. ಒಂದು ಮರದಿಂದ ಒಬ್ಬ ಬಿದ್ದರೆ ಎರಡು ಸಂಸಾರ ಬೀಳುತ್ತದೆ. ಅದಕ್ಕೇ ಕೆಲಸಗಾರರಿಗೆ ಆರೋಗ್ಯದ ಆಸರೆ ಮಾಡುವುದು ದಾನವಲ್ಲ. ಮೇಸ್ತ್ರಿ ತನ್ನ ಮನೆಗೂ ಹಾಕಿಕೊಳ್ಳುವ ಬೇಲಿ ಅದು.

ಇನ್ನೊಂದು ಮಾತು. "ಬಿದ್ದರೆ ನಾನೇ ಜವಾಬ್ದಾರ" ಎಂದು ಕೆಲವರು ಕೆಲಸಗಾರರಿಂದ ಬರೆಸಿಕೊಳ್ಳುವುದುಂಟು. ಕಾನೂನಿನ ಮುಂದೆ ಇಂಥ ಕಾಗದಕ್ಕೆ ಬೆಲೆ ಇಲ್ಲ. ನೀವೂ ಯಾವ ಕಾಗದಕ್ಕೂ ಓದದೆ ಸಹಿ ಹಾಕಬೇಡಿ.

ಹತ್ತು ಜನ ಇದ್ದರೆ ಇ.ಎಸ್.ಐ.

ಹತ್ತು ಜನ ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗೆ ಇ.ಎಸ್.ಐ. ಅನ್ವಯಿಸುತ್ತದೆ. ಕೊಂಬೆ ಎಳೆಯುವ ಹೆಂಗಸರನ್ನೂ ಲೆಕ್ಕಕ್ಕೆ ಸೇರಿಸಬೇಕು. ಮೇಲಿಂದ ಕೊಂಬೆ ಬೀಳುವುದು ಅವರ ತಲೆಯ ಮೇಲೇ ಅಲ್ಲವೇ?

ತಿಂಗಳಿಗೆ 21,000 ರೂಪಾಯಿವರೆಗೆ ಕೂಲಿ ಇರುವವರು ಇ.ಎಸ್.ಐ.ಗೆ ಸೇರುತ್ತಾರೆ. 2019ರ ಜುಲೈಯಿಂದ ವಂತಿಗೆ ಹೀಗಿದೆ. ನೂರು ರೂಪಾಯಿ ಕೂಲಿಗೆ ಮಾಲೀಕ 3 ರೂಪಾಯಿ 25 ಪೈಸೆ ಕಟ್ಟಬೇಕು. ಕೆಲಸಗಾರನ ಪಾಲು 75 ಪೈಸೆ. ತಿಂಗಳಿಗೆ 12,000 ರೂಪಾಯಿ ಕೂಲಿ ಇದ್ದರೆ ಮಾಲೀಕನದು 390 ರೂಪಾಯಿ, ಕೆಲಸಗಾರನದು 90 ರೂಪಾಯಿ.

ಇದರಿಂದ ಏನು ಸಿಗುತ್ತದೆ?

• ಕೆಲಸಗಾರನಿಗೂ ಅವನ ಕುಟುಂಬಕ್ಕೂ ಚಿಕಿತ್ಸೆ. ಹೊಸೂರಿನಲ್ಲೇ ಇ.ಎಸ್.ಐ. ಆಸ್ಪತ್ರೆ ಇದೆ.
• ಕೆಲಸದಲ್ಲಿ ಪೆಟ್ಟಾಗಿ ಮನೆಯಲ್ಲಿದ್ದರೆ ಕೂಲಿಯ 90 ಭಾಗ. ಅಂದರೆ ದಿನಕ್ಕೆ 500 ರೂಪಾಯಿ ಕೂಲಿ ಇದ್ದವರಿಗೆ 450 ರೂಪಾಯಿ.
• ಜ್ವರ, ಕಾಮಾಲೆ ಮುಂತಾದ ಕಾಯಿಲೆ ಬಂದರೆ ಕೂಲಿಯ 70 ಭಾಗ, ವರ್ಷದಲ್ಲಿ 91 ದಿನಗಳವರೆಗೆ. ಇದಕ್ಕೆ ಮೊದಲು ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು.
• ಹೆರಿಗೆಗೆ ಹೆಂಗಸರಿಗೆ ರಜೆಯ ಹಣ.
• ಕೆಲಸದಲ್ಲಿ ಸತ್ತರೆ ಕುಟುಂಬಕ್ಕೆ ತಿಂಗಳು ತಿಂಗಳು ಹಣ.

ನೋಡಿ, ಮೂರು ನಷ್ಟಕ್ಕೂ ಇಲ್ಲಿ ಉತ್ತರ ಇದೆ. ಇನ್ನೊಂದು ಅನುಕೂಲ. ಇ.ಎಸ್.ಐ. ಇಡೀ ದೇಶದ್ದು. ಅತ್ತಿಬೆಲೆ, ಆನೇಕಲ್ ಕಡೆಯಿಂದ ಗಡಿ ದಾಟಿ ಹೊಸೂರಿಗೆ ಕೆಲಸಕ್ಕೆ ಬರುವವರಿಗೂ ಇದು ನಡೆಯುತ್ತದೆ.

ಹತ್ತಕ್ಕಿಂತ ಕಡಿಮೆ ಜನ ಇದ್ದರೆ?

ಮಾಲೀಕನೂ ಹೆಚ್ಚಿನ ಕೆಲಸಗಾರರೂ ಒಪ್ಪಿದರೆ, ತಾವಾಗಿಯೇ ಇ.ಎಸ್.ಐ.ಗೆ ಸೇರಲು ಹೊಸ ಸಂಹಿತೆಯಲ್ಲಿ ಅವಕಾಶ ಇದೆ. ಅದು ಆಗದಿದ್ದರೆ ಬೇರೆ ದಾರಿಗಳಿವೆ. ಅವನ್ನು ಒಂದರ ಮೇಲೊಂದು ಜೋಡಿಸಿಕೊಳ್ಳಬೇಕು.

ಮೊದಲನೆಯದು ಮಾಲೀಕನ ಪಾಲಿಸಿ. ಇದನ್ನು ಎಂಪ್ಲಾಯೀಸ್ ಕಾಂಪೆನ್ಸೇಷನ್ ಪಾಲಿಸಿ ಎನ್ನುತ್ತಾರೆ. ಸರ್ಕಾರಿ ವಿಮಾ ಕಂಪನಿಗಳಲ್ಲೂ ಸಿಗುತ್ತದೆ. ಮೇಲೆ ಲೆಕ್ಕ ಹಾಕಿದೆವಲ್ಲ, ಆ ದೊಡ್ಡ ಮೊತ್ತವನ್ನು ಮಾಲೀಕನ ಬದಲು ಕಂಪನಿ ಕೊಡುತ್ತದೆ. ಕಂತನ್ನು ಮಾಲೀಕನೇ ಕಟ್ಟಬೇಕು. ಪಾಲಿಸಿ ಮಾಡಿಸುವಾಗ ಎರಡು ವಿಷಯ ಮರೆಯಬೇಡಿ. "ನಮ್ಮ ಜನ ಮರ ಹತ್ತಿ ಕೆಲಸ ಮಾಡ್ತಾರೆ" ಎಂದು ನಿಜ ಹೇಳಿ ಬರೆಸಿ. ಮುಚ್ಚಿಟ್ಟರೆ ಹಣ ಬರದೆ ಹೋಗಬಹುದು. ಆಸ್ಪತ್ರೆ ಖರ್ಚೂ ಸೇರಿದೆಯೇ ಎಂದು ಕೇಳಿ. ಕೆಲವು ಪಾಲಿಸಿಗಳಲ್ಲಿ ಅದಕ್ಕೆ ಬೇರೆ ಹಣ ಕಟ್ಟಬೇಕು.

ಎರಡನೆಯದು ಬ್ಯಾಂಕಿನ ವಿಮೆ. ಪ್ರಧಾನಮಂತ್ರಿ ಸುರಕ್ಷಾ ಬೀಮಾ ಯೋಜನೆ 2015ರಲ್ಲಿ ಶುರುವಾಯಿತು. ವರ್ಷಕ್ಕೆ 20 ರೂಪಾಯಿ ಮಾತ್ರ. 18ರಿಂದ 70 ವಯಸ್ಸಿನವರು ಸೇರಬಹುದು. ಅಪಘಾತದಲ್ಲಿ ಸತ್ತರೆ ಅಥವಾ ಎರಡೂ ಕಣ್ಣು, ಎರಡೂ ಕೈ, ಎರಡೂ ಕಾಲು ಹೋದರೆ 2 ಲಕ್ಷ ರೂಪಾಯಿ. ಒಂದು ಕೈ ಅಥವಾ ಒಂದು ಕಾಲು ಹೋದರೆ 1 ಲಕ್ಷ. ಜೀವನ್ ಜ್ಯೋತಿ ಬೀಮಾ ಯೋಜನೆಗೆ ವರ್ಷಕ್ಕೆ 436 ರೂಪಾಯಿ. 18ರಿಂದ 50 ವಯಸ್ಸಿನವರು ಸೇರಬಹುದು. ಕಾಯಿಲೆಯಿಂದ ಸತ್ತರೂ ಮನೆಯವರಿಗೆ 2 ಲಕ್ಷ. ಎರಡಕ್ಕೂ ಮೇ ತಿಂಗಳ ಕೊನೆಯಲ್ಲಿ ಖಾತೆಯಲ್ಲಿ ಹಣ ಇರಬೇಕು. ಇಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ. ಇವು ಮೂರನೇ ನಷ್ಟಕ್ಕೆ ಮಾತ್ರ. ಆಸ್ಪತ್ರೆ ಖರ್ಚು ಕೊಡುವುದಿಲ್ಲ.

ಮೂರನೆಯದು ಮುಖ್ಯಮಂತ್ರಿ ಆರೋಗ್ಯ ವಿಮೆ. ಇದು ತಮಿಳುನಾಡು ಸರ್ಕಾರದ ಯೋಜನೆ. ಆಸ್ಪತ್ರೆಯ ಬೋರ್ಡಿನಲ್ಲಿ ತಮಿಳಿನಲ್ಲಿ 'ಮರುತ್ತುವ ಕಾಪ್ಪೀಟು' ಎಂದು ಬರೆದಿರುತ್ತದೆ. ವರ್ಷದ ಆದಾಯ 1,20,000 ರೂಪಾಯಿ ಒಳಗಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಯೋಜನೆಗೆ ಸೇರಿದ ಆಸ್ಪತ್ರೆ, ಪಟ್ಟಿಯಲ್ಲಿರುವ ಚಿಕಿತ್ಸೆ ಆಗಿರಬೇಕು. ರೇಷನ್ ಕಾರ್ಡು, ಆಧಾರ್, ಆದಾಯದ ಸರ್ಟಿಫಿಕೇಟು ತೆಗೆದುಕೊಂಡು ಕೃಷ್ಣಗಿರಿ ಕಲೆಕ್ಟರ್ ಆಫೀಸಿಗೆ ಹೋಗಿ ಮಾಡಿಸಿಕೊಳ್ಳಬೇಕು. ಈ ಕಾರ್ಡು ಮೊದಲನೇ ನಷ್ಟಕ್ಕೆ ಮಾತ್ರ. ಕೂಲಿ ಕೊಡುವುದಿಲ್ಲ.

ತೆಂಗಿನ ಮರ ಹತ್ತುವವರಿಗೆ ಇನ್ನೊಂದು ಇದೆ. ತೆಂಗು ಅಭಿವೃದ್ಧಿ ಮಂಡಳಿಯ 'ಕೇರ ಸುರಕ್ಷಾ' ವಿಮೆ. ಕಂತಿನ ಹೆಚ್ಚು ಪಾಲನ್ನು ಮಂಡಳಿಯೇ ಕಟ್ಟುತ್ತದೆ. ಹತ್ತುವವರು ಸ್ವಲ್ಪ ಕಟ್ಟಿದರೆ ಸಾಕು.

ಮೇಸ್ತ್ರಿ ಮತ್ತು ಕೆಲಸಗಾರರ ಮಾತುಕತೆ

ಒಂದು ತಂಡದಲ್ಲಿ ಹೀಗೆ ಮಾತು ನಡೆಯಿತು ಎಂದುಕೊಳ್ಳಿ.

ಕೆಲಸಗಾರ: ಮೇಸ್ತ್ರಿ, ನಮ್ಗೂ ಏನಾದ್ರೂ ಇನ್ಶೂರೆನ್ಸ್ ಮಾಡ್ಸಿ.

ಮೇಸ್ತ್ರಿ: ಮಾಡ್ಸೋಣ ಅಣ್ಣ. ಆದ್ರೆ ಮಳೆಗಾಲ್ದಲ್ಲಿ ಕೆಲ್ಸ ಕಮ್ಮಿ. ದುಡ್ಡು ಎಲ್ಲಿಂದ ತರ್ಲಿ?

ಕೆಲಸಗಾರ: ನಾವು ಆರು ಜನ. ಬ್ಯಾಂಕಿನ ಎರಡೂ ವಿಮೆ ಸೇರಿ ಒಬ್ಬೊಬ್ಬರಿಗೆ 456 ರೂಪಾಯಿ. ಆರು ಜನಕ್ಕೆ 2,736. ತಿಂಗಳಿಗೆ 228 ರೂಪಾಯಿ ಎತ್ತಿಟ್ಟರೆ ಆಯ್ತು.

ಮೇಸ್ತ್ರಿ: ಅಷ್ಟೇನಾ? ಒಂದು ದಿನದ ಪೆಟ್ರೋಲ್ ಖರ್ಚು ಅದು.

ಕೆಲಸಗಾರ: ಆದ್ರೆ ಅಷ್ಟಕ್ಕೇ ನಿಲ್ಲಿಸ್ಬೇಡಿ. ಅದ್ರಲ್ಲಿ ಆಸ್ಪತ್ರೆ ಖರ್ಚು ಬರಲ್ಲ.

ಮೇಸ್ತ್ರಿ: ಸರಿ. ಪಾಲಿಸಿ ಕಂತನ್ನ ಇನ್ಮೇಲೆ ಮರದ ರೇಟಿಗೇ ಸೇರಿಸ್ತೀನಿ. ತೋಟದೋರಿಗೆ ಹೇಳೇ ಕೇಳ್ತೀನಿ.

ಮೇಸ್ತ್ರಿ ಹೇಳಿದ್ದು ಒಳ್ಳೆಯ ಉಪಾಯ. ಹಗ್ಗ, ಗರಗಸ, ಪೆಟ್ರೋಲ್ ಖರ್ಚನ್ನು ರೇಟಿನಲ್ಲಿ ಸೇರಿಸುತ್ತೇವೆ. ಜೀವದ ಖರ್ಚನ್ನೂ ಸೇರಿಸಬೇಕು.

ಹಾಜರಿ ಪುಸ್ತಕವೇ ಸಾಕ್ಷಿ

ಅಪಘಾತ ಆದಾಗ ಮೊದಲ ಪ್ರಶ್ನೆ ಇದು: "ಇವರು ನಿಮ್ಮ ಕೆಲಸಗಾರರು ಎನ್ನುವುದಕ್ಕೆ ಸಾಕ್ಷಿ ಏನು?" ಎಲ್ಲ ಬಾಯಿ ಮಾತಲ್ಲೇ ನಡೆದಿದ್ದರೆ ಉತ್ತರ ಇಲ್ಲ. ಅದಕ್ಕೆ ಒಂದು ನೋಟ್‌ಬುಕ್ ಸಾಕು. ಅದರಲ್ಲಿ ಪ್ರತಿದಿನ ಬರೆಯಿರಿ.

ತಾರೀಖು. ಯಾವ ಊರು, ಯಾರ ತೋಟ. ಯಾರು ಬಂದರು. ಎಷ್ಟು ಕೂಲಿ. ಸಹಿ.

ಮೇಸ್ತ್ರಿ ಬರೆಯದಿದ್ದರೆ ನೀವೇ ಬರೆದಿಟ್ಟುಕೊಳ್ಳಿ. ನೀವು ಈಗ ಓದು ಬರಹ ಕಲಿತಿದ್ದೀರಿ. ಹೆಬ್ಬೆಟ್ಟು ಒತ್ತಬೇಡಿ. ಸಹಿ ಹಾಕಿ. ಈ ನಾಲ್ಕು ಸಾಲು ನಾಳೆ ನಿಮ್ಮ ಮಕ್ಕಳಿಗೆ ಹಕ್ಕಿನ ಹಣ ತಂದುಕೊಡಬಹುದು. ವಿಮೆಯಲ್ಲಿ ಹೆಂಡತಿ ಅಥವಾ ಮಕ್ಕಳ ಹೆಸರನ್ನು ನಾಮಿನಿ ಎಂದು ಬರೆಸಿ. ಪಾಲಿಸಿ ಕಾಗದ ಎಲ್ಲಿದೆ ಎಂದು ಮನೆಯವರಿಗೂ ಹೇಳಿಡಿ.

ಬೀಳದಂತೆ ನೋಡಿಕೊಳ್ಳುವುದು ಮೊದಲು

ಬಿ.ಪಿ., ಸಕ್ಕರೆ ಕಾಯಿಲೆ ಇದ್ದು ಔಷಧಿ ತೆಗೆದುಕೊಳ್ಳದವರಿಗೆ ಮರದ ಮೇಲೆ ತಲೆ ಸುತ್ತಬಹುದು. ಮೂರ್ಛೆ ರೋಗ ಇದ್ದವರು ಮರ ಹತ್ತಲೇಬಾರದು. ಅವರಿಗೆ ಕೆಳಗಿನ ಕೆಲಸ ಕೊಡಬೇಕು. ಮನೆ ಬಾಗಿಲಿಗೇ ಬಂದು ಬಿ.ಪಿ., ಸಕ್ಕರೆ ನೋಡಿ ಮಾತ್ರೆ ಕೊಡುವ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ ಶುರುವಾದದ್ದು ನಮ್ಮ ಜಿಲ್ಲೆಯಲ್ಲೇ. 2021ರ ಆಗಸ್ಟ್ 5ರಂದು ಸಾಮನಪಳ್ಳಿಯಲ್ಲಿ ಅದರ ಉದ್ಘಾಟನೆ ಆಯಿತು. ವರ್ಷಕ್ಕೊಮ್ಮೆಯಾದರೂ ತಂಡದ ಎಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಿ.

ಕುಡಿದು ಮರ ಹತ್ತಬೇಡಿ. ಕುಡಿದ ಕಾರಣಕ್ಕೆ ಬಿದ್ದರೆ ಸಣ್ಣಪುಟ್ಟ ಪೆಟ್ಟಿಗೆ ಪರಿಹಾರ ಸಿಗದೆ ಹೋಗಬಹುದು. ಕರೆಂಟ್ ತಂತಿ ಹತ್ತಿರ ಇದ್ದರೆ, ವಿದ್ಯುತ್ ಇಲಾಖೆಯವರು ಲೈನ್ ನಿಲ್ಲಿಸುವವರೆಗೆ ಕೊಂಬೆ ಮುಟ್ಟಬೇಡಿ. ಯಾರಾದರೂ ಬಿದ್ದರೆ ಕೈ ಹಿಡಿದು ಎತ್ತಿ ಕೂರಿಸಬೇಡಿ. ಬೆನ್ನುಮೂಳೆಗೆ ಇನ್ನಷ್ಟು ಪೆಟ್ಟಾಗುತ್ತದೆ. ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ. ಮರದಿಂದ ಬಿದ್ದದ್ದು ಎಂದು ಆಸ್ಪತ್ರೆಯ ಚೀಟಿಯಲ್ಲಿ ಬರೆಸಿ.

ನೆನಪಿಡಿ

• ಹತ್ತು ಜನ ಇದ್ದರೆ ಇ.ಎಸ್.ಐ. ಕಡಿಮೆ ಇದ್ದರೆ ಮಾಲೀಕನ ಪಾಲಿಸಿ, ಬ್ಯಾಂಕಿನ ವಿಮೆ, ಮುಖ್ಯಮಂತ್ರಿ ವಿಮೆ ಮೂರೂ ಬೇಕು.
• ತಂಡ ಚಿಕ್ಕದಾದರೂ ಮಾಲೀಕನ ಹೊಣೆ ಚಿಕ್ಕದಲ್ಲ.
• ಬರೆದಿಟ್ಟದ್ದು ಸಾಕ್ಷಿ.

ಹೊಸ ಪದಗಳು

ವಂತಿಗೆ: ಎಲ್ಲರೂ ಸೇರಿ ಹಾಕುವ ಪಾಲಿನ ಹಣ
ಪರಿಹಾರ: ನಷ್ಟಕ್ಕೆ ಕೊಡುವ ಹಣ
ಕಂತು: ವಿಮೆಗೆ ಕಟ್ಟುವ ಹಣ
ನಾಮಿನಿ: ನಮ್ಮ ನಂತರ ಹಣ ಪಡೆಯುವವರು
ಸಂಹಿತೆ: ಹಲವು ಕಾಯ್ದೆ ಸೇರಿಸಿ ಮಾಡಿದ ಒಂದು ಕಾನೂನು

ಓದಿ, ಉತ್ತರ ಬರೆಯಿರಿ

1. ಮರದಿಂದ ಬಿದ್ದರೆ ಆಗುವ ಮೂರು ನಷ್ಟ ಯಾವುವು?
2. 20 ರೂಪಾಯಿ ವಿಮೆಯಲ್ಲಿ ಆಸ್ಪತ್ರೆ ಖರ್ಚು ಸಿಗುತ್ತದೆಯೇ?
3. ತಿಂಗಳಿಗೆ 10,000 ರೂಪಾಯಿ ಕೂಲಿ ಇದ್ದರೆ ಇ.ಎಸ್.ಐ.ಗೆ ಕೆಲಸಗಾರನ ಪಾಲು ಎಷ್ಟು? ಮಾಲೀಕನ ಪಾಲು ಎಷ್ಟು?
4. ನಿಮ್ಮ ಈ ವಾರದ ಕೆಲಸವನ್ನು ಹಾಜರಿ ಪುಸ್ತಕದಂತೆ ಬರೆಯಿರಿ.