ಪಂಚಾಯತ್ ಗಣಕಯಂತ್ರದ ಡೆಸ್ಕ್‌ಟಾಪ್: ಅಂದಕ್ಕಿಂತ ಮೊದಲು ಓದಲು ಅನುಕೂಲ

ಮಾನ್ಯ ಗ್ರಾಮ ಪಂಚಾಯತ್ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಅವಗಾಹನೆಗೆ.

ಗಣಕಯಂತ್ರವನ್ನು ಚಾಲನೆಗೊಳಿಸಿದೊಡನೆ ಕಾಣುವ ಮೊದಲ ಪರದೆಯನ್ನು ಡೆಸ್ಕ್‌ಟಾಪ್ ಎನ್ನುತ್ತೇವೆ. ಅದರ ಹಿನ್ನೆಲೆ ಚಿತ್ರ, ಬಣ್ಣ, ಅಕ್ಷರದ ಗಾತ್ರ, ಐಕಾನ್‌ಗಳ ಜೋಡಣೆ ಎಲ್ಲವನ್ನೂ ಬದಲಿಸಿಕೊಳ್ಳಲು ಅವಕಾಶವಿದೆ. ಮನೆಯ ಗಣಕಯಂತ್ರದಲ್ಲಿ ಇದು ಅವರವರ ಅಭಿರುಚಿಗೆ ಬಿಟ್ಟ ವಿಷಯ. ಪಂಚಾಯತ್ ಕಚೇರಿಯಲ್ಲಿ ಹಾಗಲ್ಲ. ಇ-ಸ್ವತ್ತು ತಂತ್ರಾಂಶದ ನಮೂನೆ-9 ಮತ್ತು ನಮೂನೆ-11ಬಿ, ಪಂಚತಂತ್ರ 2.0ರ ತೆರಿಗೆ ವಿವರ, ಬಾಪೂಜಿ ಸೇವಾ ಕೇಂದ್ರದ ಅರ್ಜಿ ಎಲ್ಲವೂ ಇದೇ ಪರದೆಯ ಮೇಲೆ ಸಿದ್ಧವಾಗುತ್ತವೆ. ಆದ್ದರಿಂದ ಅದು ಸುಲಭವಾಗಿ ಓದುವಂತೆ, ಅನ್ಯರ ಮಾಹಿತಿ ಕಾಣದಂತೆ ಮತ್ತು ಎಲ್ಲರಿಗೂ ಸಮಾನವಾಗಿ ತೋರುವಂತೆ ಇರುವುದು ಅವಶ್ಯ. ಈ ಕುರಿತು ಸದಸ್ಯರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

1. ಅಕ್ಷರದ ಗಾತ್ರ

ಕನ್ನಡದಲ್ಲಿ ‘ಬ’ ಮತ್ತು ‘ಭ’, ‘ದ’ ಮತ್ತು ‘ಧ’ ಇವುಗಳ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಗೆರೆ ಮಾತ್ರ. ಚಿಕ್ಕ ಅಕ್ಷರಗಳಲ್ಲಿ ಆ ಗೆರೆ ಕಣ್ಣಿಗೆ ಬೀಳುವುದಿಲ್ಲ. ಒತ್ತಕ್ಷರ ಮತ್ತು ದೀರ್ಘಗಳೂ ಹಾಗೆಯೇ. ನಮ್ಮ ಕರಾವಳಿಯಲ್ಲಿ ‘ಭೋಜ’ ಎಂಬ ಹೆಸರು ‘ಬೋಜ’ ಆಗುವುದಕ್ಕೆ, ‘ಶೀನ’ ಎಂಬುದು ‘ಶಿನ’ ಆಗುವುದಕ್ಕೆ ಹೆಚ್ಚಿನ ಕಾರಣ ಬೇಕಾಗಿಲ್ಲ. ಆಸ್ತಿಯ ದಾಖಲೆಯಲ್ಲಿ ಹೆಸರು ತಪ್ಪಿದರೆ ತಿದ್ದುಪಡಿಗಾಗಿ ಗ್ರಾಮಸ್ಥರು ಮತ್ತೆ ಅರ್ಜಿ ಹಿಡಿದು ಬರಬೇಕಾಗುತ್ತದೆ. ಅಷ್ಟರವರೆಗೆ ಬ್ಯಾಂಕ್ ಸಾಲ ಅಥವಾ ನೋಂದಣಿ ತಡೆಯಲ್ಪಡಬಹುದು.

ಪರಿಹಾರ ಸರಳ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್ಪ್ಲೇ ಎಂಬ ಕ್ರಮದಲ್ಲಿ ಹೋಗಿ ‘ಸ್ಕೇಲ್’ ಎಂಬಲ್ಲಿ ಶೇ. 125 ಆಯ್ದುಕೊಂಡರೆ ಪರದೆಯ ಎಲ್ಲ ಅಕ್ಷರಗಳೂ ದೊಡ್ಡದಾಗುತ್ತವೆ. ಬ್ರೌಸರ್‌ನಲ್ಲಿ ತೆರೆಯುವ ತಂತ್ರಾಂಶಗಳಿಗಾದರೆ ಕಂಟ್ರೋಲ್ ಕೀಲಿಯೊಂದಿಗೆ ಕೂಡಿಸುವ ಚಿಹ್ನೆಯನ್ನು ಒತ್ತಿದರೆ ಸಾಕು. ಗಾತ್ರ ಅತಿಯಾದರೆ ಕೆಲವು ನಮೂನೆಗಳ ಗುಂಡಿಗಳು ಪರದೆಯಿಂದಾಚೆ ಸರಿಯುವುದರಿಂದ, ನಿತ್ಯ ಬಳಸುವ ನಮೂನೆಯನ್ನು ತೆರೆದು ನೋಡಿಯೇ ಗಾತ್ರವನ್ನು ನಿಗದಿಪಡಿಸುವುದು ಸೂಕ್ತ.

2. ಹಿನ್ನೆಲೆ ಮತ್ತು ಬಣ್ಣ

ಕಾಪು ದೀಪಸ್ತಂಭದ ಚಿತ್ರವಾಗಲಿ, ಮಳೆಗಾಲದ ಗದ್ದೆಯ ಚಿತ್ರವಾಗಲಿ ನೋಡಲು ಸೊಗಸು. ಆದರೆ ನಾನಾ ಬಣ್ಣಗಳ ಚಿತ್ರದ ಮೇಲೆ ಐಕಾನ್‌ಗಳ ಹೆಸರು ಓದಲು ಕಷ್ಟ. ಒಂದೇ ಬಣ್ಣದ ತಿಳಿಯಾದ ಹಿನ್ನೆಲೆ ಉತ್ತಮ. ಡೆಸ್ಕ್‌ಟಾಪ್‌ನ ಖಾಲಿ ಜಾಗದಲ್ಲಿ ಮೌಸ್‌ನ ಬಲಗುಂಡಿ ಒತ್ತಿ ‘ಪರ್ಸನಲೈಸ್’ ಆಯ್ದುಕೊಂಡರೆ ಇದನ್ನು ಬದಲಿಸಬಹುದು. ಚಿತ್ರವೇ ಬೇಕೆಂದಿದ್ದರೆ ಅದನ್ನು ಲಾಕ್ ಪರದೆಗೆ ಹಾಕಬಹುದು.

ಕಪ್ಪು ಹಿನ್ನೆಲೆಯಿಂದ ವಿದ್ಯುತ್ ಉಳಿಯುತ್ತದೆ ಎಂಬ ನಂಬಿಕೆಯಿದೆ. ಓಎಲ್‌ಇಡಿ ಪರದೆಯ ಮೊಬೈಲ್‌ಗಳಿಗೆ ಅದು ಸರಿ. ಕಚೇರಿಗಳಲ್ಲಿ ಸಾಮಾನ್ಯವಾಗಿರುವ ಎಲ್‌ಸಿಡಿ ಪರದೆಗಳಲ್ಲಿ ಹಿಂಬದಿಯ ದೀಪ ಸದಾ ಉರಿಯುತ್ತಿರುವುದರಿಂದ ಹೇಳಿಕೊಳ್ಳುವಂತಹ ಉಳಿತಾಯವಿಲ್ಲ. ಬಳಕೆಯಿಲ್ಲದಾಗ ಐದು ನಿಮಿಷಕ್ಕೆ ಪರದೆ ತಾನಾಗಿ ಆರುವಂತೆ ಹೊಂದಿಸುವುದೇ ನಿಜವಾದ ಉಳಿತಾಯ. ಕಿಟಕಿಯ ಬೆಳಕು ಬೀಳುವ ಕೋಣೆಯಲ್ಲಿ ಕಪ್ಪು ಪರದೆ ಕನ್ನಡಿಯಂತೆ ಪ್ರತಿಫಲಿಸುತ್ತದೆ ಎಂಬುದನ್ನೂ ಗಮನಿಸಬೇಕು.

ಪಂಚಾಯತ್ ಸರ್ವರ ಕಚೇರಿ. ಅದರ ಪರದೆಯಲ್ಲಿ ಯಾವುದೇ ಪಕ್ಷದ ಚಿಹ್ನೆ ಅಥವಾ ರಾಜಕೀಯ ವ್ಯಕ್ತಿಗಳ ಭಾವಚಿತ್ರ ಇರತಕ್ಕದ್ದಲ್ಲ. ಚುನಾವಣಾ ಮಾದರಿ ನೀತಿ ಸಂಹಿತೆ ಜಾರಿಯಲ್ಲಿರುವಾಗ ಈ ಎಚ್ಚರ ಇನ್ನೂ ಹೆಚ್ಚಿರಬೇಕು. ಅಂತರ್ಜಾಲದಿಂದ ಉಚಿತ ‘ಥೀಮ್’ಗಳನ್ನು ಇಳಿಸಿಕೊಳ್ಳುವುದೂ ಸಲ್ಲದು. ಅವುಗಳೊಂದಿಗೆ ಕುತಂತ್ರಾಂಶ ಒಳಬರುವ ಅಪಾಯವಿದೆ. ಅದೇ ಯಂತ್ರದಲ್ಲಿ ಡಿಜಿಟಲ್ ಸಹಿಯ ಬಳಕೆಯೂ ನಡೆಯುತ್ತದೆ.

3. ಡೆಸ್ಕ್‌ಟಾಪ್ ಮೇಲಿನ ಕಡತಗಳು

ಐಕಾನ್‌ನ ಮೂಲೆಯಲ್ಲಿ ಸಣ್ಣ ಬಾಣದ ಗುರುತಿದ್ದರೆ ಅದು ‘ಶಾರ್ಟ್‌ಕಟ್’, ಅಂದರೆ ದಾರಿ ತೋರುವ ಫಲಕ ಮಾತ್ರ. ಬಾಣವಿಲ್ಲದಿದ್ದರೆ ಕಡತವೇ ಅಲ್ಲಿದೆ ಎಂದರ್ಥ. ಡೆಸ್ಕ್‌ಟಾಪ್ ಮೇಲಿಟ್ಟ ಕಡತಗಳು ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲಿರುತ್ತವೆ. ಯಂತ್ರ ಕೆಟ್ಟು, ಸಿ ಡ್ರೈವ್ ಅಳಿಸಿ ವಿಂಡೋಸ್ ಮರುಸ್ಥಾಪಿಸಿದಾಗ ಮೊದಲು ನಾಶವಾಗುವುದು ಇವೇ. ನಡಾವಳಿ, ಗ್ರಾಮಸಭೆಯ ಪಟ್ಟಿ, ಕ್ರಿಯಾಯೋಜನೆಯ ಕರಡು ಮುಂತಾದವುಗಳನ್ನು ಬೇರೆ ಡ್ರೈವ್‌ನಲ್ಲಿ ವರ್ಷವಾರು ಫೋಲ್ಡರ್‌ಗಳಲ್ಲಿಟ್ಟು, ಡೆಸ್ಕ್‌ಟಾಪ್ ಮೇಲೆ ಶಾರ್ಟ್‌ಕಟ್ ಮಾತ್ರ ಉಳಿಸಿಕೊಳ್ಳಬೇಕು. ಸಿ ಮತ್ತು ಡಿ ಡ್ರೈವ್‌ಗಳು ಅನೇಕ ವೇಳೆ ಒಂದೇ ಹಾರ್ಡ್ ಡಿಸ್ಕಿನ ಎರಡು ಭಾಗಗಳಾಗಿರುವುದರಿಂದ, ಹೊರಗಿನ ಡಿಸ್ಕ್‌ನಲ್ಲಿ ಇನ್ನೊಂದು ಪ್ರತಿ ಇರುವುದು ಕಡ್ಡಾಯವೆಂದೇ ಭಾವಿಸಬೇಕು.

ಆಧಾರ್, ಬ್ಯಾಂಕ್ ಪಾಸ್‌ಪುಸ್ತಕ ಮೊದಲಾದವುಗಳ ಸ್ಕ್ಯಾನ್ ಪ್ರತಿಗಳನ್ನು ಅರ್ಜಿದಾರರ ಹೆಸರಿನೊಂದಿಗೆ ಡೆಸ್ಕ್‌ಟಾಪ್ ಮೇಲೆ ಬಿಡುವುದು ಸರಿಯಲ್ಲ. ಎದುರು ನಿಂತವರೆಲ್ಲರಿಗೂ ಅವು ಕಾಣುತ್ತವೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರ ಆಶಯವೂ ಇಂತಹ ಮಾಹಿತಿಯನ್ನು ಕಾಪಾಡಬೇಕೆಂಬುದೇ. ಸಿಬ್ಬಂದಿ ಆಸನದಿಂದ ಏಳುವಾಗ ವಿಂಡೋಸ್ ಕೀಲಿ ಮತ್ತು ‘ಎಲ್’ ಕೀಲಿಯನ್ನು ಒಟ್ಟಿಗೆ ಒತ್ತಿದರೆ ಪರದೆ ಲಾಕ್ ಆಗುತ್ತದೆ.

4. ಅರ್ಜಿದಾರರ ಕಡೆಗೊಂದು ಪರದೆ

ಅನುದಾನ ಅನುಮತಿಸಿದಲ್ಲಿ ಎರಡನೆಯ ಪರದೆಯೊಂದನ್ನು ಅರ್ಜಿದಾರರ ಕಡೆಗೆ ತಿರುಗಿಸಿಡಬಹುದು. ವಿಂಡೋಸ್ ಮತ್ತು ‘ಪಿ’ ಕೀಲಿಗಳನ್ನು ಒತ್ತಿ ‘ಎಕ್ಸ್‌ಟೆಂಡ್’ ಆಯ್ದುಕೊಂಡರೆ, ಬೇಕಾದ ನಮೂನೆಯನ್ನು ಮಾತ್ರ ಅಲ್ಲಿಗೆ ಸರಿಸಬಹುದು. ‘ಡೂಪ್ಲಿಕೇಟ್’ ಆಯ್ದುಕೊಂಡರೆ ಸಿಬ್ಬಂದಿಯ ಪರದೆಯಲ್ಲಿರುವುದೆಲ್ಲವೂ ಅಲ್ಲಿ ಕಾಣುತ್ತದೆ, ಅದು ಬೇಡ. ಮುದ್ರಣಕ್ಕೆ ಮುನ್ನ ಅರ್ಜಿದಾರರು ತಮ್ಮ ಹೆಸರು, ತಂದೆ ಅಥವಾ ಗಂಡನ ಹೆಸರು, ಅಳತೆ ಮತ್ತು ಚಕ್ಕುಬಂದಿಯನ್ನು ತಾವೇ ಓದಿ ಒಪ್ಪಿದರೆ ತಪ್ಪುಗಳು ಅಲ್ಲಿಯೇ ನಿಲ್ಲುತ್ತವೆ. ಓದು ಬಾರದವರಿಗೆ ಸಿಬ್ಬಂದಿಯೇ ಓದಿ ಹೇಳಬೇಕು, ಅಗತ್ಯವಿದ್ದಲ್ಲಿ ತುಳುವಿನಲ್ಲಿ ವಿವರಿಸಬೇಕು.

5. ಪರದೆಯ ಕನ್ನಡ

ಯುನಿಕೋಡ್‌ನಲ್ಲಿ ಬರೆದ ಕನ್ನಡ ಎಲ್ಲ ಯಂತ್ರಗಳಲ್ಲೂ ಕನ್ನಡವಾಗಿಯೇ ಕಾಣುತ್ತದೆ. ಹಳೆಯ ವಿಧಾನದಲ್ಲಿ ಬೆರಳಚ್ಚಿಸಿದ ಕಡತಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೋರುತ್ತವೆ. ಅವುಗಳನ್ನು ಪರಿವರ್ತಕ ತಂತ್ರಾಂಶದ ಮೂಲಕವೇ ಯುನಿಕೋಡ್‌ಗೆ ತರಬೇಕು. ಫೋಲ್ಡರ್‌ಗಳಿಗೂ ಯುನಿಕೋಡ್‌ನಲ್ಲಿ ಕನ್ನಡ ಹೆಸರನ್ನೇ ಇಡಬಹುದು. ಕನ್ನಡವನ್ನು ಗಣಕಯಂತ್ರಕ್ಕೆ ಒಗ್ಗಿಸಿದ ಕೀಲಿಮಣೆ ವಿನ್ಯಾಸವನ್ನು ರೂಪಿಸಿದ ನಾಡೋಜ ಕೆ.ಪಿ. ರಾವ್ ಅವರು ನಮ್ಮ ಕರಾವಳಿಯವರೆಂಬುದು ನಮಗೆ ಹೆಮ್ಮೆಯ ಸಂಗತಿ.

6. ಸದಸ್ಯರು ಗಮನಿಸಬೇಕಾದ ಎರಡು ಸೂಚನೆಗಳು

ಪರದೆಯ ಬಲಗಡೆಯ ಕೆಳಮೂಲೆಯಲ್ಲಿ ‘ಆಕ್ಟಿವೇಟ್ ವಿಂಡೋಸ್’ ಎಂದು ಮಸುಕಾಗಿ ಕಾಣುತ್ತಿದ್ದರೆ ವಿಂಡೋಸ್‌ನ ಪರವಾನಗಿ ಸಕ್ರಿಯವಾಗಿಲ್ಲವೆಂದು ಅರ್ಥ. ಅಂತಹ ಯಂತ್ರದಲ್ಲಿ ಪರ್ಸನಲೈಸ್ ವಿಭಾಗದ ಆಯ್ಕೆಗಳೂ ಕೆಲಸ ಮಾಡುವುದಿಲ್ಲ. ಎರಡನೆಯದಾಗಿ, ವಿಂಡೋಸ್ 10ಕ್ಕೆ ಸಾಮಾನ್ಯ ಭದ್ರತಾ ಬೆಂಬಲವು 14-10-2025ಕ್ಕೆ ಮುಕ್ತಾಯಗೊಂಡಿದೆ. ಇನ್ನೂ ಅದೇ ಆವೃತ್ತಿಯಲ್ಲಿರುವ ಯಂತ್ರಗಳನ್ನು ಗುರುತಿಸಿ, ನವೀಕರಣ ಅಥವಾ ಬದಲಾವಣೆಯ ವಿಷಯವನ್ನು ಸಾಮಾನ್ಯ ಸಭೆಯ ಕಾರ್ಯಸೂಚಿಗೆ ತರುವುದು ಅಪೇಕ್ಷಣೀಯ.

ಪರವಾನಗಿ ಮತ್ತು ಎರಡನೆಯ ಪರದೆಯನ್ನು ಹೊರತುಪಡಿಸಿದರೆ ಇಲ್ಲಿ ತಿಳಿಸಿದ ಹೆಚ್ಚಿನ ಬದಲಾವಣೆಗಳಿಗೆ ಖರ್ಚಿಲ್ಲ. ಒಂದು ಮಧ್ಯಾಹ್ನದ ಬಿಡುವು ಸಾಕು. ಮುಂದಿನ ಸಾಮಾನ್ಯ ಸಭೆಗೆ ಆಗಮಿಸುವ ಸದಸ್ಯರು ಸೇವಾ ಕೇಂದ್ರದ ಕಿಟಕಿಯ ಹೊರಗೆ, ಅರ್ಜಿದಾರರು ನಿಲ್ಲುವ ಜಾಗದಲ್ಲಿ ಒಂದು ನಿಮಿಷ ನಿಂತು ಪರದೆಯತ್ತ ನೋಡಬೇಕಾಗಿ ಕೋರಿದೆ. ಅಲ್ಲಿಂದ ತಮ್ಮ ಹೆಸರನ್ನು ಓದಲಾಗಬೇಕು. ಬೇರೊಬ್ಬರ ಆಧಾರ್ ಸಂಖ್ಯೆಯನ್ನು ಓದಲಾಗಬಾರದು.