ಆರು ಡಿಗ್ರಿಯ ಅಂತರದಲ್ಲಿ ಐವತ್ತು ಕೋಟಿ ಡೋಸ್

ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 2.6 ಕೋಟಿ ಕೂಸುಗಳು ಸರ್ಕಾರದ ಲಸಿಕೆ ಕಾರ್ಯಕ್ರಮದ ಲೆಕ್ಕಕ್ಕೆ ಬರುತ್ತವೆ. ಅಂದರೆ ನಿಮಿಷಕ್ಕೆ 49. ಹುಟ್ಟಿದ ದಿನದಿಂದ ಒಂಬತ್ತು ತಿಂಗಳು ತುಂಬುವ ಹೊತ್ತಿಗೆ ಒಂದೊಂದು ಕೂಸಿಗೂ 19 ಡೋಸ್ ಸಲ್ಲಬೇಕು: ಬಾಯಿಗೆ ಏಳು ಸಲ, ಸೂಜಿಯಲ್ಲಿ ಹನ್ನೆರಡು ಸಲ. ತಾಯಿ ಕಾರ್ಡ್ ಹಿಡಿದು ಎಣಿಸಿದರೆ ಇದೇನು ದೊಡ್ಡ ಲೆಕ್ಕ ಅನ್ನಿಸುವುದಿಲ್ಲ. ಇಷ್ಟೂ ಕೂಸುಗಳಿಗೆ ಗುಣಿಸಿ ನೋಡಿ, 49.4 ಕೋಟಿ! ಹಗಲು ರಾತ್ರಿ, ಹಬ್ಬ ಹುಣ್ಣಿಮೆ ಎನ್ನದೆ ಕೊಡುತ್ತಲೇ ಇದ್ದರೂ ಸೆಕೆಂಡಿಗೆ 15ಕ್ಕೂ ಹೆಚ್ಚು. ಗರ್ಭಿಣಿಯರ ಟಿಡಿ (ಧನುರ್ವಾಯು, ಡಿಫ್ತೀರಿಯಾ) ಚುಚ್ಚುಮದ್ದು, ಒಂದೂವರೆ ವರ್ಷದ ಮತ್ತು ಐದು ವರ್ಷದ ಬೂಸ್ಟರ್‌ಗಳು, ಕೆಲವು ಜಿಲ್ಲೆಗಳ ಜೆಇ (ಮೆದುಳುಜ್ವರ) ಲಸಿಕೆ ಈ ಲೆಕ್ಕದ ಹೊರಗೇ ಉಳಿದವು.

ಇಷ್ಟು ಸರಕು ಎಂದೂ ಬಿಸಿಲು ಕಾಣಬಾರದು. ತಯಾರಕರಿಂದ ಕರ್ನಾಲ್, ಮುಂಬೈ, ಕೋಲ್ಕತ್ತ, ಚೆನ್ನೈಗಳ ಕೇಂದ್ರ ಸರ್ಕಾರದ ದಾಸ್ತಾನುಗಳು, ಅಲ್ಲಿಂದ ರಾಜ್ಯದ ದಾಸ್ತಾನು (ನಮ್ಮಲ್ಲಿ ಬೆಂಗಳೂರು, ಬೆಳಗಾವಿ), ಆಮೇಲೆ ಜಿಲ್ಲೆ, ಕೊನೆಗೆ ಪ್ರಾಥಮಿಕ ಆರೋಗ್ಯ ಕೇಂದ್ರ. ಪೋಲಿಯೊ ಹನಿಯನ್ನು ಮೇಲಿನ ಹಂತಗಳಲ್ಲಿ ಹೆಪ್ಪುಗಟ್ಟಿಸಿಯೇ ಇಡುತ್ತಾರೆ. ಕೆಳಗೆ ಬಂದ ಮೇಲೆ ಎಲ್ಲಕ್ಕೂ ಒಂದೇ ಕಟ್ಟು: 2ರಿಂದ 8 ಡಿಗ್ರಿ. ಕಲಬುರಗಿಯ ಮೇ ತಿಂಗಳಲ್ಲೂ ಅಷ್ಟೇ, ಕರೆಂಟ್ ಹೋದಾಗಲೂ ಅಷ್ಟೇ. 2020ರ ಡಿಸೆಂಬರ್‌ನಲ್ಲಿ, ಕೋವಿಡ್ ಲಸಿಕೆ ಇನ್ನೂ ಬರುವ ಮೊದಲು, ಕೇಂದ್ರ ಆರೋಗ್ಯ ಇಲಾಖೆ ಕೊಟ್ಟ ಲೆಕ್ಕದಲ್ಲಿ ಇಂಥ ಶೀತಲ ಸರಪಳಿಯ ಕೊಂಡಿಗಳು 29,000 ಇದ್ದವು. ಅವುಗಳಲ್ಲಿ 45,000 ಐಎಲ್‌ಆರ್ (ಮಂಜುಗಡ್ಡೆಯ ಒಳಪದರವಿರುವ ಫ್ರಿಜ್), 41,000 ಡೀಪ್ ಫ್ರೀಜರ್. ಕೂಸುಗಳಿಗೆಂದು ವರ್ಷಗಟ್ಟಲೆ ಕಟ್ಟಿದ ಈ ಸರಪಳಿಯ ಮೇಲೆಯೇ 2021ರ ಸೆಪ್ಟೆಂಬರ್ 17ರಂದು ಒಂದೇ ದಿನ 2.5 ಕೋಟಿ ಕೋವಿಡ್ ಡೋಸ್ ಸಾಗಿದ್ದು.

ಇದನ್ನೆಲ್ಲ ಒಂದೇ ಕಡೆಯಿಂದ ನೋಡಲು 2015ರಲ್ಲಿ ಇ-ವಿನ್ ಎಂಬ ವ್ಯವಸ್ಥೆ ಬಂತು. ಐಎಲ್‌ಆರ್ ಒಳಗಿನ ಸೆನ್ಸರ್ ಹತ್ತು ನಿಮಿಷಕ್ಕೊಮ್ಮೆ ತಾಪಮಾನ ದಾಖಲಿಸುತ್ತದೆ, ದಿನಕ್ಕೆ 144 ಸಲ. 29,000 ಕಡೆ ಒಂದೊಂದೇ ಸೆನ್ಸರ್ ಎಂದಿಟ್ಟುಕೊಂಡರೂ ದಿನಕ್ಕೆ 41 ಲಕ್ಷಕ್ಕೂ ಮೇಲೆ ದಾಖಲೆ.

ಆದರೂ ನನಗೆ ನಿಜವಾದ ಬೆರಗು ಹುಟ್ಟಿಸುವುದು ಸರಪಳಿಯ ಕೊನೆಯ ಕೊಂಡಿ. ಕರ್ನಾಟಕದಲ್ಲಿ ಗುರುವಾರ ಲಸಿಕೆಯ ದಿನ. ಬೆಳಿಗ್ಗೆಯೇ ಸಿಸ್ಟರ್ ಡೀಪ್ ಫ್ರೀಜರ್‌ನಿಂದ ಐಸ್ ಪ್ಯಾಕ್ ತೆಗೆದು ಹೊರಗಿಡುತ್ತಾರೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ನೀರು ಕುಲುಕುವ ಸದ್ದು ಕೇಳಬೇಕು. ಆಮೇಲೇ ನಾಲ್ಕು ಪ್ಯಾಕ್‌ಗಳನ್ನು ವ್ಯಾಕ್ಸಿನ್ ಕ್ಯಾರಿಯರ್‌ನ ನಾಲ್ಕು ಬದಿಗೆ ಇಳಿಸುವುದು. ಗಟ್ಟಿ ಮಂಜುಗಡ್ಡೆಯನ್ನು ಹಾಗೇ ಇಟ್ಟರೆ ಪೆಂಟಾ (ಐದು ರೋಗಗಳಿಗೆ ಒಂದೇ ಲಸಿಕೆ) ಹೆಪ್ಪುಗಟ್ಟಿ ಕೆಡುತ್ತದೆ. ವಯಲ್ ಮೇಲೆ ವೃತ್ತದೊಳಗೊಂದು ಪುಟ್ಟ ಚೌಕವಿದೆ. ತಾಪ ತಟ್ಟುತ್ತಾ ಹೋದಂತೆ ಚೌಕ ಕಪ್ಪಾಗುತ್ತದೆ. ವೃತ್ತದ ಬಣ್ಣಕ್ಕೆ ಸಮನಾದರೆ ಆ ವಯಲ್ ಬಿಸಾಡಬೇಕು. ಆದರೆ ಆ ಚೌಕ ಹೇಳುವುದು ಬಿಸಿಯ ಕಥೆ ಮಾತ್ರ. ಚಳಿಗೆ ಕೆಟ್ಟದ್ದನ್ನು ಅದು ತೋರಿಸುವುದಿಲ್ಲ, ಅದಕ್ಕೇ ಆ ಕುಲುಕಿನ ಸದ್ದಿಗೆ ಅಷ್ಟು ಬೆಲೆ. ಐವತ್ತು ಕೋಟಿಯ ಲೆಕ್ಕ ಕೊನೆಗೆ ಒಬ್ಬ ಹೆಣ್ಣುಮಗಳ ಕಿವಿಗೆ ಬಂದು ನಿಲ್ಲುತ್ತದೆ.

ಸಂಜೆ ಎಷ್ಟು ವಯಲ್ ಹೋಯಿತು, ಎಷ್ಟು ಮರಳಿತು ಎಂದು ಸ್ಟಾಕ್ ರಿಜಿಸ್ಟರ್‌ಗೆ ಏರಿಸಬೇಕು. ಪೆಂಟಾ, ಟಿಡಿಯಂಥವನ್ನು ತೆರೆದ ದಿನಾಂಕ ಬರೆದಿಟ್ಟು, ಸರಿಯಾಗಿ ಕಾಪಾಡಿದರೆ 28 ದಿನ ಬಳಸಬಹುದು. ಬಿಸಿಜಿಗೆ ಆ ಸೌಲಭ್ಯವಿಲ್ಲ. ಅದರ ಒಂದು ವಯಲ್‌ನಲ್ಲಿ 10 ಡೋಸ್ ಪುಡಿ. ದ್ರಾವಣ ಬೆರೆಸಿದ ಮೇಲೆ ನಾಲ್ಕೇ ಗಂಟೆ ಬಾಳಿಕೆ. ನವಜಾತ ಶಿಶುವಿಗೆ ಬೇಕಾದದ್ದು 0.05 ಮಿಲಿಲೀಟರ್. ಆ ದಿನ ಒಂದೇ ಕೂಸು ಬಂದರೂ ವಯಲ್ ಒಡೆಯಬೇಕು. ಉಳಿದ ಒಂಬತ್ತು ಡೋಸ್ ಚೆಲ್ಲಿ ಹೋಗಲಿ, ಕೂಸನ್ನು ವಾಪಸು ಕಳಿಸುವಂತಿಲ್ಲ.

ಯಾವ ಅಂಗಡಿಯವನೂ ಇಂಥ ದಾಸ್ತಾನು ಇಡಲಾರ. ಬಿಸಿಜಿಯಲ್ಲಿ ಅರ್ಧಕ್ಕರ್ಧ ನಷ್ಟವಾಗುತ್ತದೆಂದು ಯೋಜನೆಯ ಲೆಕ್ಕ ಮೊದಲೇ ಒಪ್ಪಿಕೊಂಡಿದೆ. 2.6 ಕೋಟಿ ಕೂಸುಗಳಿಗೆ 5.2 ಕೋಟಿ ಡೋಸ್! ದೂರದ ಹಾಡಿಯಿಂದ ನಡೆದು ಬಂದ ಬಾಣಂತಿ ಬರಿಗೈಲಿ ಹಿಂತಿರುಗಬಾರದೆಂದು ಸರ್ಕಾರ ತಿಳಿದೂ ತಿಳಿದೂ ಕೊಳ್ಳುವ ಹೆಚ್ಚುವರಿ 2.6 ಕೋಟಿ ಡೋಸ್ ಅದು. ಸಾರ್ವಜನಿಕ ಹಣದ ಇಷ್ಟು ಒಳ್ಳೆಯ ಖರ್ಚನ್ನು ನಾನು ಬೇರೆಲ್ಲೂ ಕಂಡಿಲ್ಲ. ತಿಂಗಳಿಗೆ 20 ಕೂಸುಗಳಿಗೆ ಬಿಸಿಜಿ ಹಾಕುವ ಒಂದು ಕೇಂದ್ರವನ್ನು ತೆಗೆದುಕೊಳ್ಳಿ. 20ರ ಎರಡರಷ್ಟು 40 ಡೋಸ್, ಅಂದರೆ ನಾಲ್ಕು ವಯಲ್. ಗುರುವಾರಕ್ಕೊಂದು. ತುರ್ತಿಗೆಂದು ಅದರ ಮೇಲೆ ಕಾಲು ಭಾಗ, ಅಂದರೆ ಇನ್ನೊಂದು. ಕೇಂದ್ರ ಕಳಿಸುವ ಬೇಡಿಕೆ ಪಟ್ಟಿಯಲ್ಲಿ (ಇಂಡೆಂಟ್) ಬಿಸಿಜಿಯ ಎದುರಿಗೆ 5 ಎಂದು ಬೀಳುತ್ತದೆ.